ಲಿಫ್ಟಣ್ಣನ ದೀರ್ಘಾಯುಷ್ಯ

ಅಕೌಂಟ್ಸ್ ಗುಮಾಸ್ತರು ಆ ಬೆಳಿಗ್ಗೆ ಬಾಯಿ ಮುಚ್ಚಿಕೊಂಡು ಲಿಫ್ಟಿನಲ್ಲಿ ಮೇಲಕ್ಕೆ ಹೋಗಿದ್ದರೆ ಏನೂ ಆಗುತ್ತಿರಲಿಲ್ಲ.

“ಲಿಫ್ಟಣ್ಣ, ಮುಂದಿನ ತಿಂಗಳು ರಿಟೈರ್ ಅಲ್ವಾ? ಹೊಸ ರೂಲ್ಸ್ ಬಂದಿದೆ. ಇನ್ಮೇಲೆ ಪೆನ್ಷನ್ ಹದಿನೈದೇ ವರ್ಷ, ಆಮೇಲೆ ಬಂದ್. ಜನ ತುಂಬಾ ದಿನ ಬದುಕ್ತಿದ್ದಾರೆ, ಕಂಪನಿಗೆ ಪೂರೈಸ್ತಿಲ್ವಂತೆ.”

ಇಡೀ ಆಯುಷ್ಯ ಪರರನ್ನು ಮೇಲಕ್ಕೇರಿಸಿ ತಾನು ಸ್ಟೂಲಿನ ಮೇಲೇ ಉಳಿದಿದ್ದ ಲಿಫ್ಟಣ್ಣ ಬೆವೆತುಹೋದ. ಅರವತ್ತಕ್ಕೆ ಹದಿನೈದು ಕೂಡಿಸಿದರೆ ಎಪ್ಪತ್ತೈದು. ಅಷ್ಟರೊಳಗೆ ಮರ್ಯಾದೆಯಾಗಿ ಹೊರಟುಬಿಟ್ಟರೆ ಸರಿ, ಇಲ್ಲದಿದ್ದರೆ?

ಅವನ ಬಾಡಿದ ಮುಖ ಕಂಡು ಲಿಫ್ಟಿನಲ್ಲಿದ್ದವರಿಗೆಲ್ಲ ಮರುಕ ಹುಟ್ಟಿತು.

“ಸೈಟ್ ತಗೊಳ್ಳಿ,” ಎಂದ ಮೂರನೇ ಮಹಡಿಯ ಟೈಲರ್. “ನಮ್ಮ ಚಿಕ್ಕಪ್ಪ ತಗೊಂಡ್ರು.”

“ಈಗ ಚೆನ್ನಾಗಿದ್ದಾರಾ?”

“ಸೈಟ್ ಎಲ್ಲಿದೆ ಅಂತ ಇನ್ನೂ ಹುಡುಕ್ತಿದ್ದಾರೆ.”

ಐದನೇ ಮಹಡಿಯ ಡಾಕ್ಟರಂತೂ ಕೇಳದೆಯೇ ಅವನ ನಾಡಿ ಹಿಡಿದರು. “ಏನ್ರೀ ಇದು, ಕುದುರೆ ಥರ ಓಡ್ತಿದೆ! ತೊಂಬತ್ತೈದಕ್ಕೆ ಮೋಸ ಇಲ್ಲ.”

“ಡಾಕ್ಟ್ರೇ,” ಲಿಫ್ಟಣ್ಣ ತರಕಾರಿ ಚೌಕಾಸಿ ಮಾಡುವವನಂತೆ ಗೋಗರೆದ, “ಸ್ವಲ್ಪ ಕಡಿಮೆ ಮಾಡೋಕಾಗಲ್ವಾ?”

ಆ ಗಾಬರಿಯಲ್ಲಿ ಅವನ ಕೈ ಕೆಂಪು ಗುಂಡಿ ಒತ್ತಿತು. ಲಿಫ್ಟ್ ಎರಡು ಮಹಡಿಗಳ ನಡುವೆ ಗಕ್ಕನೆ ನಿಂತಿತು. ಮೆಕ್ಯಾನಿಕ್ ಬರುವಷ್ಟರಲ್ಲಿ ಒಳಗಿದ್ದವರೆಲ್ಲ ಸೇರಿ ಅವನ ಮುದಿತನವನ್ನು ತಲೆಗೊಂದು ರೀತಿ ಯೋಜಿಸಿ, ಜಗಳವಾಡಿ, ಮುಗಿಸಿದ್ದರು. ಮೂಲೆಯಲ್ಲಿ ಒತ್ತಿ ನಿಂತಿದ್ದ ಕಂಪನಿ ಮ್ಯಾನೇಜರು ಹೊರಬಿದ್ದವರೇ ಗುಡುಗಿದರು: “ಇನ್ನೊಂದ್ಸಲ ಹೀಗಾದ್ರೆ ಮುಂದಿನ ತಿಂಗಳ ತನಕ ಕಾಯೋದೇ ಬೇಡ!”

ಸಂಜೆ ಲಿಫ್ಟಣ್ಣ ಏದುಸಿರು ಬಿಡುತ್ತಾ ಮನೆ ಸೇರಿದ. ಅವನ ಮನೆ ನಾಲ್ಕನೇ ಮಹಡಿಯಲ್ಲಿ. ಆ ಹಳೇ ಕಟ್ಟಡಕ್ಕೆ ಲಿಫ್ಟೇ ಇರಲಿಲ್ಲ. ಎಂಬತ್ತೆರಡರ ತಾಯಿ ಎಂದಿನಂತೆ ಕಿಟಕಿಯ ಬಳಿ ಕೂತು ಬೀದಿ ನೋಡುತ್ತಿದ್ದಳು. ಮೊಣಕಾಲು ಕೈಕೊಟ್ಟ ಮೇಲೆ ಆಕೆ ಮೆಟ್ಟಿಲಿಳಿದೇ ಇರಲಿಲ್ಲ. ಲಿಫ್ಟಣ್ಣ ಎಲ್ಲವನ್ನೂ ಒಂದೇ ಉಸಿರಿಗೆ ಒದರಿದ.

“ಅಷ್ಟೇನಾ?” ಎಂದಳು ತಾಯಿ. “ನಿಮ್ಮಪ್ಪನ ಪೆನ್ಷನ್ ಹಳೇ ರೂಲ್ಸಿಂದು. ನಾನಿರೋತನಕ ಬರುತ್ತೆ. ನಾನೇನು ಈಗ್ಲೇ ಹೋಗೋಳಲ್ಲ. ಮನೆ ಖರ್ಚು ನಂದು. ನೀನು ನಿನ್ನ ಪೆನ್ಷನ್ ಮುಟ್ಟಬೇಡ, ಬ್ಯಾಂಕಲ್ಲಿಡು. ಎಪ್ಪತ್ತೈದಾದ್ಮೇಲೆ ತೆಗ್ದು ತಿನ್ನು.”

ಇಡೀ ಆಫೀಸು ಕಟ್ಟಡದ ಬುದ್ಧಿವಂತರಿಗೆ ಹೊಳೆಯದ್ದು! ಲಿಫ್ಟಣ್ಣನಿಗೆ ಎದೆಯ ಮೇಲಿನ ಬಂಡೆ ಉರುಳಿ ಹೋದಂತಾಯಿತು. ಹೆಂಡತಿ, “ರೀ, ಇನ್ನಾದ್ರೂ ನೆಮ್ಮದಿಯಾಗಿ ಊಟ ಮಾಡಿ,” ಎಂದು ತಟ್ಟೆ ಇಟ್ಟಳು.

“ಆದ್ರೆ ಮಗಾ, ಪುಕ್ಕಟೆ ಅಲ್ಲ,” ಎಂದಳು ತಾಯಿ. “ರಿಟೈರ್ ಆದ್ಮೇಲೆ ದಿನಾ ಬೆಳಿಗ್ಗೆ ನನ್ನನ್ನ ಬೆನ್ನ ಮೇಲೆ ಹೊತ್ಕೊಂಡು ಕೆಳಗಿಳಿಸ್ಬೇಕು. ಸಂಜೆ ಮೇಲೆ ಹತ್ತಿಸ್ಬೇಕು. ಆ ಪಾರ್ಕಿನ ಬೆಂಚಲ್ಲಿ ಕೂತು ನಾಲ್ಕು ಜನರ ಹತ್ರ ಮಾತಾಡಿ ಎಷ್ಟು ದಿನ ಆಯ್ತೋ!”

ಹಕ್ಕಿಯಷ್ಟು ಹಗುರ ತಾಯಿ. ಲಿಫ್ಟಣ್ಣ ನಗುತ್ತಲೇ ಒಪ್ಪಿದ.

ರಿಟೈರಾದ ಮರುದಿನ ಬೆಳಿಗ್ಗೆ ತಾಯಿಯನ್ನು ಹೊತ್ತು ಹುರುಪಿನಿಂದ ಇಳಿಯತೊಡಗಿದ. ಎರಡನೇ ಮಹಡಿಯ ತಿರುವಿನಲ್ಲಿ ಆ ಮಹಡಿಯ ಮುದಿ ಹೆಡ್ಮೇಷ್ಟ್ರು ಬೂಟು ಹಾಕಿ, ಕೋಲು ಹಿಡಿದು ಸಿದ್ಧರಾಗಿ ನಿಂತಿದ್ದರು. ಮೈಯೋ, ಎರಡು ಮೂಟೆ ಅಕ್ಕಿಯಷ್ಟು. ಅವರ ಹಿಂದೆ ಕುರ್ಚಿಗಳಲ್ಲಿ ಇನ್ನಿಬ್ಬರು ಅಜ್ಜಿಯರು.

“ಏನಪ್ಪಾ,” ಎಂದರು ಮೇಷ್ಟ್ರು, “ಲಿಫ್ಟು ಕೆಳಗೆ ಹೋಗ್ತಿದೆಯಾ?”