ಸಣ್ಣ ಅಟ್ಯಾಕ್

ನಮ್ಮ ಸೋದರತ್ತೆ ಸಾಯುವುದರಲ್ಲಿ ಬಹಳ ಅನುಭವಸ್ಥಳು. ನಾವು ನೀವೆಲ್ಲ ಒಂದೇ ಸಲ ಸಾಯುವ ಅಡ್ಡಕಸುಬಿಗಳು. ಅತ್ತೆ ಹಾಗಲ್ಲ. ಸಂಕ್ರಾಂತಿಗೆ ಸತ್ತಿದ್ದಾಳೆ, ಶಿವರಾತ್ರಿಗೆ ಸತ್ತಿದ್ದಾಳೆ, ನನ್ನ ಮದುವೆಯಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ಸರಿಯಾಗಿ ಸತ್ತು, ಊಟದ ಪಂಕ್ತಿ ಕೂರುವಷ್ಟರಲ್ಲಿ ಎದ್ದಿದ್ದಾಳೆ. ಪ್ರತಿ ಸಲವೂ ಹಾರ್ಟ್ ಅಟ್ಯಾಕು. ಪ್ರತಿ ಸಲವೂ ಒಂದು ತೇಗು ಬಂದು ಅವಳನ್ನು ಯಮನ ಕೈಯಿಂದ ಬಿಡಿಸಿಕೊಂಡು ಬಂದಿದೆ!

ಅವಳ ಮನೆ, ಹೊಲ ಎಲ್ಲ ಚಪಳಗಾಂವದಲ್ಲಿ. ನಾನು ಸೊಲ್ಲಾಪುರದಲ್ಲಿ ಕನ್ನಡ ಶಾಲೆಯ ಮಾಸ್ತರ. ನಡುವೆ ಅಕ್ಕಲಕೋಟ. ಅಲ್ಲಿಗೆ ಊರೂರಿನ ಜನ ಸ್ವಾಮಿಗಳ ಮಠದ ದರ್ಶನಕ್ಕೆ ಬರುತ್ತಾರೆ. ಅತ್ತೆ ಇಸಿಜಿ ತೆಗೆಸಲು ಬರುತ್ತಾಳೆ.

ದೇಹದ ಬಗ್ಗೆ ಅವಳದೇ ಒಂದು ಶಾಸ್ತ್ರವಿದೆ. ಎದೆಯ ಎಡಗಡೆ ಹಾರ್ಟಿನದು, ಬಲಗಡೆ ಗ್ಯಾಸಿನದು. ಗ್ಯಾಸು ಬದು ದಾಟಿ ಎಡಕ್ಕೆ ಬಂತೆಂದರೆ ತಕರಾರು ಶುರು. ತೇಗು ಬಂದರೆ ಗ್ಯಾಸು, ಬರದಿದ್ದರೆ ಹಾರ್ಟು. ಹಾಗಾಗಿ ಮನೆ ಮಂದಿಯೆಲ್ಲ ಅಜವಾನದ ನೀರು, ಇಂಗಿನ ಮಜ್ಜಿಗೆ ಹಿಡಿದುಕೊಂಡು ಅವಳ ಸುತ್ತ ಕೂತು, ಮಳೆಯ ದಾರಿ ಕಾದಂತೆ ಒಂದು ತೇಗಿನ ದಾರಿ ಕಾಯಬೇಕು. ಆ ಹೊತ್ತಿನಲ್ಲಿ ಅವಳು ನನ್ನ ಅಂಗೈ ಎಳೆದು ತನ್ನ ಎದೆಯ ಮೇಲೆ ಒತ್ತಿಕೊಳ್ಳುತ್ತಾಳೆ.

“ನೋಡ ಅಳಿಯಾ, ಬಡಕೊಳ್ಳಾಕತ್ತೈತೋ ಇಲ್ಲೋ?”

“ಬಡಕೊಳ್ಳಾಕತ್ತೈತಿ ಅತ್ತಿ.”

“ಮತ್ತ? ನಾ ಹೇಳಿದ್ದ ಸುಳ್ಳೇನ?”

ಬಡಿದುಕೊಳ್ಳದಿದ್ದರೆ ಅಲ್ಲವೇ ಕಷ್ಟ! ಇದನ್ನು ಅವಳಿಗೆ ಹೇಳುವವರು ಯಾರು?

ಇಷ್ಟಕ್ಕೂ ಗ್ಯಾಸು ಯಾಕೆ ಆಗುತ್ತದೆ ಎಂಬುದು ಅವಳನ್ನು ಬಿಟ್ಟು ಊರಿಗೆಲ್ಲ ಗೊತ್ತು. ಹಸಿ ಮೆಣಸಿನಕಾಯಿ ಖಾರ, ಅದರ ಮೇಲೆ ಶೇಂಗಾ ಚಟ್ನಿ, ಮೇಲೊಂದು ಉಳ್ಳಾಗಡ್ಡಿ ಗುದ್ದಿ, ಕಡಕ್ ರೊಟ್ಟಿ ಮುರಿಯುತ್ತ ಕೂತಳೆಂದರೆ ಎದ್ದೇಳುವ ಮಾತೇ ಇಲ್ಲ. “ಹೊಟ್ಟಿ ನಂದು ಕಲ್ಲ ಐತಿ, ಎದೀನ ನಾಜೂಕ” ಎನ್ನುತ್ತಾಳೆ.

ಮನೆಯೊಳಗೆ ಸತ್ತರೆ ನಡೆದೀತು. ಒಮ್ಮೆ ಬಸ್ಸಿನಲ್ಲೇ ಸಾಯಲು ಹೊರಟಳು. ಅಕ್ಕಲಕೋಟದಿಂದ ಸೊಲ್ಲಾಪುರಕ್ಕೆ ಬರುತ್ತಿದ್ದೆವು. ಕುಂಭಾರಿ ಹತ್ತಿರ ಬಂದಾಗ ಎದೆ ಹಿಡಿದುಕೊಂಡು “ಯಪ್ಪಾ, ಹೊಂಟ್ನೆಪಾ!” ಎಂದಳು. ಬಸ್ಸಿನಲ್ಲಿ ಹಾಹಾಕಾರ! ಒಬ್ಬಾಕೆ ಸೆರಗಿನಿಂದ ಗಾಳಿ ಹಾಕಿದಳು, ಇನ್ನೊಬ್ಬಾಕೆ ಅಂಗಾಲು ತಿಕ್ಕಿದಳು. ಕಂಡಕ್ಟರ್ ಬೆಲ್ಲಿನ ಹಗ್ಗ ಜಗ್ಗಿ ಜಗ್ಗಿ, ನಡುವೆ ಎಲ್ಲೂ ನಿಲ್ಲಿಸದೆ ದವಾಖಾನೆಗೇ ಹೊಡೆಯಲು ಡ್ರೈವರನಿಗೆ ಹೇಳಿದ. ಇಳಿಯುವವರು ಇಳಿಯದೆ, ಹತ್ತುವವರು ಹತ್ತದೆ ಬಸ್ಸು ಹಾರಿತು. ಊರ ಹೊರಗಿನ ನಾಕಾ ದಾಟಿದ್ದೇ ತಡ, ಹಿಂದಿನ ಸೀಟಿನ ತನಕ ಕೇಳುವಂತೆ ಅತ್ತೆ ಒಂದು ತೇಗು ತೇಗಿದಳು. ಸೆರಗು ಸರಿಪಡಿಸಿಕೊಂಡು ಕೂತಳು.

“ಆತ್ರಿ. ಇನ್ನ ಸ್ಟ್ಯಾಂಡಿಗೆ ಹೊಡೀರಿ.”

ಮುಂದಿನ ಸೀಟಿನಿಂದ ನನ್ನ ವಿದ್ಯಾರ್ಥಿಯೊಬ್ಬನ ಅಪ್ಪ ತಿರುಗಿ ನೋಡಿದ. “ಮಾಸ್ತರ, ನಿಮ್ಮ ಮಂದೀನ ಏನ್ರಿ?” ನಾನು “ಇಲ್ಲ” ಎಂದು ಶುರು ಮಾಡಿ “ಹೌದು” ಎಂದು ಮುಗಿಸಿದೆ. ಕುಂಭಾರಿಯಲ್ಲಿ ಇಳಿಯಬೇಕಾಗಿದ್ದ ಮುದುಕನೊಬ್ಬ ತನ್ನ ಗಂಟು ಎತ್ತಿಕೊಂಡು ನನ್ನನ್ನೇ ನೋಡುತ್ತಿದ್ದ. ನಾಚಿಕೆಯಿಂದ ಸಾಯುವುದೆಂದರೆ ಏನು ಎಂದು ಅವತ್ತು ತಿಳಿಯಿತು. ಅದಕ್ಕೆ ತೇಗಿನ ಉಪಾಯವೂ ಇಲ್ಲ.

ಆದರೆ ದೊಡ್ಡ ಪ್ರಸಂಗ ನಡೆದದ್ದು ಸೀತನಿ ಕಾಲದಲ್ಲಿ. ಹೊಲದಲ್ಲಿ ಎಳೆ ಜೋಳದ ತೆನೆ ಸುಟ್ಟು ಕೈಯಲ್ಲಿ ತಿಕ್ಕಿ, ಬಿಸಿ ಬಿಸಿ ಸೀತನಿ ತಿನ್ನುವಾಗ ಯಾರಿಗೂ ಲೆಕ್ಕ ಇರುವುದಿಲ್ಲ. ಅತ್ತೆಗಂತೂ ಮೊದಲಿನಿಂದಲೂ ಇಲ್ಲ. ಮಧ್ಯಾಹ್ನ ಎದೆ ಹಿಡಿಯಿತು. ತೇಗು ಬರಲಿಲ್ಲ. ಬೆವರು ಬಂತು. ಸೊಲ್ಲಾಪುರದ ದೊಡ್ಡ ದವಾಖಾನೆಗೆ ತಂದು ಹಾಕಿದರು, ನಾನೂ ಓಡಿದೆ. ಇಸಿಜಿ, ರಕ್ತ, ಎಲ್ಲ ತಪಾಸಣೆ ಆಯಿತು. ಡಾಕ್ಟರು ನಗುತ್ತ ಬಂದು, ವಾರ್ಡಿಗೆಲ್ಲ ಕೇಳುವಂತೆ ಮರಾಠಿಯಲ್ಲಿ ಹೇಳಿದರು: “ಆಜಿ, ಹಾರ್ಟ್ ಏಕದಮ್ ಛಾನ್! ನುಸತಾ ಗ್ಯಾಸ್ ಆಹೆ!”

ಹಾರ್ಟು ಚೆನ್ನಾಗಿದೆ, ಬರೀ ಗ್ಯಾಸು. ಖುಷಿಪಡಬೇಕಲ್ಲವೇ? ಅಷ್ಟರಲ್ಲಿ ಕಿಟಕಿಯ ಹೊರಗೆ ಟೆಂಪೊ ನಿಂತ ಸದ್ದಾಯಿತು. ನೋಡಿದರೆ ಚಪಳಗಾಂವವೇ ಇಳಿಯುತ್ತಿದೆ!

ನಮ್ಮ ಕಡೆ ದವಾಖಾನೆಗೆ ಹಾಕಿದವರನ್ನು ಮಾತಾಡಿಸಿ ಬರದಿದ್ದರೆ ಮಹಾಪರಾಧ. ಮದುವೆ ತಪ್ಪಿಸಿದರೆ ಕ್ಷಮೆ ಉಂಟು, ಇದಕ್ಕಿಲ್ಲ. ತೊಗರಿ ರಾಶಿಯನ್ನು ಕಣದಲ್ಲೇ ಬಿಟ್ಟು, ಎಳನೀರು, ಬಿಸ್ಕೀಟು ಹಿಡಿದುಕೊಂಡು, ಕಣ್ಣು ಒರೆಸಿಕೊಳ್ಳುತ್ತ ಬಂದಿದ್ದರು. ಎಲ್ಲರ ಮುಂದೆ ಊರಿನ ಹಿರಿಯರಾದ ಗೌಡರು. ಅವರಿಗೆ “ಗ್ಯಾಸು” ಎಂದು ಯಾವ ಬಾಯಿಂದ ಹೇಳುವುದು? ಅತ್ತೆ ಸೆರಗು ಮುಖಕ್ಕೆ ಎಳೆದುಕೊಂಡು ನನ್ನ ರಟ್ಟೆ ಹಿಡಿದಳು.

“ಏನಂದ್ರಿ ಡಾಕ್ಟರ್ರು?” ಗೌಡರು ಕೇಳಿದರು.

“ಸಣ್ಣ ಅಟ್ಯಾಕ್ ರಿ,” ಎಂದೆ.

ಬಂದವರ ಮುಖದಲ್ಲೆಲ್ಲ ಒಂದು ಸಮಾಧಾನ! ಬಂದದ್ದು ಸಾರ್ಥಕವಾಯಿತು. ಇತ್ತ ನರ್ಸ್ ಹಾಸಿಗೆ ಖಾಲಿ ಮಾಡಿ ಎಂದು ಬಂದಳು. “ಮಂದಿ ಹೋಗೂ ತನಕ ಇರ್ತಾಳ್ರಿ ಸಿಸ್ಟರ” ಎಂದು ನಾನು ಕೈಮುಗಿದೆ. ಮಂದಿ ಹೋಗುವ ತನಕ ಅತ್ತೆ ಕಣ್ಣು ಮುಚ್ಚಿ, ತೇಗು ನುಂಗಿಕೊಂಡು ಬಿದ್ದುಕೊಂಡಿದ್ದಳು.

ಅಂದಿನಿಂದ ಅವಳು ಊರಿನಲ್ಲಿ ‘ಹಾರ್ಟಿನಾಕಿ’. ಜೀಪಿನಲ್ಲಿ ಮುಂದಿನ ಸೀಟು ಅವಳದು. ನಲ್ಲಿಯ ಹತ್ತಿರ ಜಗಳ ಬಂದರೆ “ಬಿಡ್ರೆವಾ, ಆಕಿ ಹಾರ್ಟಿನಾಕಿ” ಎಂದು ಎದುರಾಳಿಯೇ ಕೊಡ ಎತ್ತಿಕೊಂಡು ಹೋಗುತ್ತಾಳೆ. ಆದರೆ ಸುಖವೆಂದುಕೊಂಡಿರೇನು? ಯಾರ ಮನೆಗೆ ಉಣ್ಣಲು ಹೋದರೂ ಪಂಕ್ತಿಗೆಲ್ಲ ಭಜಿ, ಖಾರಬ್ಯಾಳಿ ಬಡಿಸಿ, ಅತ್ತೆಯ ತಾಟಿಗೆ ಮಾತ್ರ ಸಪ್ಪನೆಯ ಬೇಳೆ! ಮೆಣಸಿನಕಾಯಿ ತಿನ್ನಬೇಕೆನಿಸಿದರೆ ಕಳ್ಳಿಯ ಹಾಗೆ ಬಸ್ಸು ಹತ್ತಿ ಸೊಲ್ಲಾಪುರಕ್ಕೆ, ನಮ್ಮ ಮನೆಗೆ ಬರಬೇಕು. ಬಂದಾಗಲೆಲ್ಲ ನನಗೆ ಒಂದೇ ತಾಕೀತು.

“ಅಳಿಯಾ, ಗ್ಯಾಸ ಅಂತ ಗೊತ್ತಾತಂದ್ರ ಊರಾಗ ಮಾರಿ ಎತ್ತಿ ತಿರಗಾಕ ಆಗೂದಿಲ್ಲ ನೋಡ. ನಾ ಸತ್ತ ಮ್ಯಾಲೂ ಹೇಳಬ್ಯಾಡ.”

ನಾನೇಕೆ ಹೇಳಲಿ? ಅದು ನನ್ನ ಮಾನವೂ ಹೌದು. ಮನೆಯಲ್ಲಿ ಮಾತ್ರ ಹೆಂಡತಿಯ ಮುಂದೆ ಎದೆ ಹಿಡಿದು, ಕಣ್ಣು ಮೇಲೆ ಮಾಡಿ, ಅತ್ತೆಯ ನಕಲು ತೆಗೆದು ನಗಿಸುತ್ತಿದ್ದೆ.

ಕಳೆದ ಚಳಿಗಾಲ ಪಾಠ ಮಾಡುವಾಗ ನನ್ನ ಎದೆಯಲ್ಲಿ ಏನೋ ಉರಿಯಿತು. ಎಡಗಡೆ! ರಟ್ಟೆ ಭಾರವಾಯಿತು. ಮೊಬೈಲಿನಲ್ಲಿ ಹುಡುಕಿದೆ, ಅದು ನನ್ನನ್ನು ಆಗಲೇ ಚಿತೆಯ ಮೇಲಿಟ್ಟು ಅರ್ಧ ಸುಟ್ಟಿತ್ತು. ಯಾರಿಗೆ ಹೇಳಲಿ? ಹೆಂಡತಿಗೆ ಹೇಳಿದರೆ ನಕಲು ತೆಗೆಯುತ್ತಿದ್ದೇನೆ ಎಂದುಕೊಂಡಾಳು. ಶಾಲೆಯಲ್ಲಿ ಹೇಳಿದರೆ ಬಸ್ಸಿನ ಕಥೆ ಗೊತ್ತಿದ್ದವರು “ಮನೆತನದ ರೋಗ” ಎಂದಾರು. ಗ್ಯಾಸು ಇದ್ದೀತು ಎಂದು ಸೋಡಾ ಕುಡಿದೆ. ಕದ್ದು ಕದ್ದು ತೇಗಲು ನೋಡಿದೆ. ಬೆಳಗಾದರೆ ಬದುಕಿದ್ದೇನೆಯೇ ಎಂದು ನಾಡಿ ಹಿಡಿದು ನೋಡಿಕೊಳ್ಳುವುದು, ಯಾರಾದರೂ ಬಂದರೆ ಗಡಿಯಾರ ಕಟ್ಟಿಕೊಳ್ಳುವವನಂತೆ ನಟಿಸುವುದು! ಹೀಗೆ ಕೆಲವು ದಿನ ಹೆದರಿಕೆ ಹೊಟ್ಟೆಯಲ್ಲಿ, ನಾಚಿಕೆ ಮುಖದಲ್ಲಿ ಇಟ್ಟುಕೊಂಡು ತಿರುಗಿದೆ.

ಆ ರವಿವಾರ ಅತ್ತೆ ಬಂದಿದ್ದಳು. ಅಡುಗೆಮನೆಯಲ್ಲಿ ಖಾರ ರೊಟ್ಟಿ ನಡೆದಿತ್ತು. ನಾನು ನೀರು ಕುಡಿಯಲು ಒಳಗೆ ಹೋದವನು ಗೊತ್ತಿಲ್ಲದೆ ಎದೆಯ ಮೇಲೆ ಕೈ ಇಟ್ಟುಕೊಂಡಿದ್ದೆ. ಅತ್ತೆಯ ರೊಟ್ಟಿ ಬಾಯಿಯ ಹತ್ತಿರ ನಿಂತಿತು.

“ಎಂದಿನಿಂದ?”

“ಏನಿಲ್ಲ ಅತ್ತಿ, ಗ್ಯಾಸ ಇರಬೇಕ.”

“ಅದನ್ನ ಹೇಳಾಕ ನೀ ಡಾಕ್ಟರೇನ? ನಡಿ, ಚಪ್ಪಲ ಹಾಕ್ಕೋ.”

ಅವಳು ನಗಲಿಲ್ಲ. ತಿನ್ನುತ್ತಿದ್ದ ರೊಟ್ಟಿಯನ್ನು ಹಾಗೇ ಬಿಟ್ಟು ಎದ್ದಳು. ಅತ್ತೆ ತಾಟಿನಲ್ಲಿ ರೊಟ್ಟಿ ಬಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅದೇ ದವಾಖಾನೆ. ಅದೇ ಡಾಕ್ಟರು. ತಪಾಸಣೆ ಎಲ್ಲ ಮುಗಿಸಿ ಬಂದು ನಕ್ಕರು: “ಸರ್, ಹಾರ್ಟ್ ಏಕದಮ್ ಛಾನ್!” ಮುಂದಿನದು ಏನೆಂದು ನನಗೂ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು. ಆದರೆ ಗಾಬರಿಯಲ್ಲಿ ನನ್ನ ಹೆಂಡತಿ ಚಪಳಗಾಂವಕ್ಕೆ ಫೋನು ಮಾಡಿಬಿಟ್ಟಿದ್ದಳು. ಕಿಟಕಿಯ ಹೊರಗೆ ಟೆಂಪೊ ನಿಂತಿತು. ಎಳನೀರು ಇಳಿದವು. ಗೌಡರು ಧೋತರದ ಚುಂಗು ಹಿಡಿದು ಮೆಟ್ಟಿಲು ಹತ್ತುತ್ತಿದ್ದರು.

ನಾನು ಚಾದರ ಕುತ್ತಿಗೆಯ ತನಕ ಎಳೆದುಕೊಂಡೆ. “ಅತ್ತಿ, ನಿನ್ನ ಕಾಲ ಬೀಳ್ತೀನಿ. ಸಣ್ಣ ಅಟ್ಯಾಕ್ ಅಂತ ಹೇಳು.”

ಅತ್ತೆ ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದಳು, “ಬ್ಯಾಡೋ ಅಳಿಯಾ. ಅವತ್ತ ಹೇಳಿದ್ದ ಸುಳ್ಳ ಅಂತ ನನಗ ಗೊತ್ತೈತಿ, ನಿನಗ ಗೊತ್ತೈತಿ. ಈ ಎದಿಗಿ ಗೊತ್ತಿಲ್ಲ. ಎಲ್ಲಾರೂ ಹಾರ್ಟಿನಾಕಿ, ಹಾರ್ಟಿನಾಕಿ ಅಂದ ಅಂದ, ಅದು ಖರೇನ ಅಂತ ತಿಳಕೊಂಡೈತಿ. ಕೊಡಾ ಎತ್ತಾಕೂ ಅಂಜತೀನಿ ನಾ. ನಿನಗ ಸಣ್ಣ ಸಣ್ಣ ಮಕ್ಕಳದಾವ.”

ಗೌಡರು ಬಾಗಿಲಿಗೆ ಬಂದರು. ಹಿಂದೆ ಊರು. “ಏನಂದ್ರಿ ಡಾಕ್ಟರ್ರು?”

ಅತ್ತೆ ಎದ್ದು ನನ್ನ ಹಾಸಿಗೆಗೆ ಅಡ್ಡ ನಿಂತಳು.

“ಗ್ಯಾಸ ಆಗೈತ್ರಿ, ಬರೇ ಗ್ಯಾಸ. ಮತ್ತ ಕೇಳ್ರಿ, ಅವತ್ತ ನನಗ ಆಗಿದ್ದೂ ಗ್ಯಾಸ. ಅಟ್ಯಾಕ್ ಗಿಟ್ಯಾಕ್ ಏನೂ ಇಲ್ಲ. ಸೀತನಿ ಜಾಸ್ತಿ ಆಗಿತ್ತು. ನಗೂದಿದ್ರ ನನಗ ನಗ್ರಿ, ಈ ಹುಡುಗಗ ನಗಬ್ಯಾಡ್ರಿ.”

ಹಿಂದೆ ಯಾರೋ ಹೆಂಗಸರು ಕಿಸಕ್ ಎಂದರು. ಅತ್ತೆಯ ಕಿವಿ ಕೆಂಪಾದದ್ದು ನನಗೆ ಹಿಂದಿನಿಂದ ಕಂಡಿತು. ಇಷ್ಟು ವರ್ಷ ಸಪ್ಪನೆ ಬೇಳೆ ಉಂಡು ಕಾಪಾಡಿದ ಮಾನವನ್ನು ಅವಳು ನನಗಾಗಿ ಅಲ್ಲಿ ನೆಲಕ್ಕೆ ಹಾಕಿದ್ದಳು. ಗೌಡರು ಮುಂದೆ ಬಂದು, ಕೈಯಲ್ಲಿದ್ದ ಎಳನೀರನ್ನು ಅವಳ ಕಡೆ ಚಾಚಿದರು.

“ತಗೋ ತಂಗಿ. ಗ್ಯಾಸಿಗೂ ಎಳನೀರ ಛಲೋ.”

ಮಂದಿ ಹೋದ ಮೇಲೆ ಅತ್ತೆ ನನ್ನ ಹತ್ತಿರ ಕೂತಳು. ಸೆರಗು ಮುಖದ ಮೇಲಿತ್ತು. ನಕಲು ತೆಗೆದದ್ದೆಲ್ಲ ನೆನಪಾಗಿ, ಅವಳ ಮುಖ ನೋಡಲು ನಾಚಿಕೆಯಾಯಿತು. ಅವಳು ಖಾರದ ವಾಸನೆ ಇನ್ನೂ ಹೋಗಿರದ ಅಂಗೈಯನ್ನು ನನ್ನ ಎದೆಯ ಮೇಲಿಟ್ಟಳು. ಎಡಗಡೆ.

“ಬಡಕೊಳ್ಳಾಕತ್ತೈತಿ ಏನ ಅತ್ತಿ?” ಎಂದೆ.

“ಬಡಕೊಳ್ಳಲಿ ಬಿಡೋ,” ಎಂದಳು. ಕೈ ಮಾತ್ರ ತೆಗೆಯಲಿಲ್ಲ.