ಹೊನ್ನೂರಪ್ಪನ ದವಡೆ ಹಲ್ಲು

ಆರು ವರ್ಷದ ಹಿಂದೆ ಹೊನ್ನೂರಪ್ಪ ಮಗಳ ತಲೆಯ ಮೇಲೆ ಕೈಯಿಟ್ಟು ಹೆಂಡತಿ ಹೇಮಾಳಿಗೆ ಮಾತು ಕೊಟ್ಟಿದ್ದ: “ಆ ಸ್ಟ್ರಾಂಗ್ ಗುಳಿಗಿ ಇನ್ಮ್ಯಾಲೆ ಬಾಯಾಗ ಹಾಕಂಗಿಲ್ಲ.”

ಕಾಲು ಮುರಿದಾಗ ನೋವಿಗೆಂದು ಹತ್ತು ದಿನಕ್ಕೆ ಬರೆದುಕೊಟ್ಟದ್ದನ್ನು ಅವನು ಐದು ತಿಂಗಳು ನುಂಗಿದ್ದ. ಕಾಲು ನೋವು ಬಿಟ್ಟು ಹೋದರೂ ಗುಳಿಗೆ ಬಿಡಲಿಲ್ಲ. ಕೊನೆಗೆ ಸಂಡೂರಿನ ಗಣಿಯಲ್ಲಿ ಟಿಪ್ಪರ್ ಓಡಿಸುತ್ತಲೇ ತೂಕಡಿಸಿ ಕಾವಲುಗಾರನ ಶೆಡ್ಡಿಗೆ ಗುದ್ದಿದ. ಪುಣ್ಯಕ್ಕೆ ಕಾವಲುಗಾರ ಚಹಾ ಕುಡಿಯಲು ಹೋಗಿದ್ದ. ಇನ್ನೊಂದು ಸಲ ಹೀಗಾದರೆ ಟಿಪ್ಪರಿನ ಕೀಲಿ ಇಟ್ಟು ಮನೆಗೆ ಹೋಗಬೇಕೆಂದು ಸೂಪರ್‌ವೈಸರ್ ಜಂಬುನಾಥ್ ಅಂದೇ ಹೇಳಿದ್ದ.

ಈಗ ಅವನ ದವಡೆ ಹಲ್ಲು ಕೆಟ್ಟಿತು. ಹೊಸಪೇಟೆಯ ಹಲ್ಲಿನ ಡಾಕ್ಟರು ಸಂಘಮಿತ್ರಾ ಬೆಳಿಗ್ಗೆಯೇ ಅದನ್ನು ಜಾಲಿಗಿಡದಂತೆ ಬೇರುಸಹಿತ ಕಿತ್ತರು. ಬಾಯಲ್ಲಿ ಹತ್ತಿ ಕಚ್ಚಿಕೊಂಡೇ ಹೊನ್ನೂರಪ್ಪ ಹಳೆಯ ಕತೆಯನ್ನೆಲ್ಲ ಒಪ್ಪಿಸಿದ.

“ನಿಮಗ ಸ್ಟ್ರಾಂಗ್ ಬೇಕಾಗೂದೇ ಇಲ್ರಿ,” ಎಂದರು ಡಾಕ್ಟರು. “ಈ ಎರಡು ಸಾದಾ ಗುಳಿಗಿ ಸಾಕು. ನೋವು ಬರ್ಲಿ ಅಂತ ಕಾಯಬ್ಯಾಡ್ರಿ, ಟೈಮಿಗೆ ತಗೋರಿ. ಬ್ಯಾರೆಯವ್ರು ಕೊಟ್ಟದ್ದು ಮಾತ್ರ ಮುಟ್ಟಬ್ಯಾಡ್ರಿ.”

ಕೊನೆಯ ಮಾತು ಹೇಳಿದಷ್ಟು ಸುಲಭವಲ್ಲ. ಗಾದಿಗನೂರಿನ ಅವನ ಓಣಿಯಲ್ಲಿ ಉಳಿದ ಗುಳಿಗೆ ಮೊಸರಿನ ಹೆಪ್ಪಿನಂತೆ ಮನೆಯಿಂದ ಮನೆಗೆ ಓಡಾಡುತ್ತದೆ.

ಮೊದಲು ಬಂದವನು ಎದುರು ಮನೆಯ ಪಾಲಪ್ಪ. ಕೈಯಲ್ಲಿ ಕಿಡ್ನಿ ಕಲ್ಲಿನ ಕಾಲದ ನೋವಿನ ಗುಳಿಗೆಯ ಪಟ್ಟಿ. “ಜ್ವರದ ಗುಳಿಗಿ ಕೊಟ್ಟಾಳೇನ್ಲೇ? ಕೋಣಕ್ಕ ಸೊಳ್ಳಿಬತ್ತಿ ಹಚ್ಚಿದಂಗಾತು.”

ಹೊನ್ನೂರಪ್ಪ ಬಾಗಿಲಿಗೆ ಅಡ್ಡಲಾಗಿ ಎರಡೂ ಕೈ ಚಾಚಿ ರೈಲ್ವೆ ಗೇಟಿನಂತೆ ನಿಂತ. ಪಾಲಪ್ಪ ಮುನಿಸಿಕೊಂಡು ಹೋದ. ಹಿಂದೆಯೇ ಬಂದ ಇನ್ನಿಬ್ಬರೂ ಮರ್ಯಾದೆ ಹೋಯಿತೆಂದು ಗೊಣಗಿದರು. ಗೇಟು ಏಳಲಿಲ್ಲ.

ಪಕ್ಕದ ಮನೆಯ ದ್ಯಾಮಕ್ಕ ಮಾತ್ರ ಬಿಸ್ಕತ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕಣ್ಣೊರೆಸಿಕೊಳ್ಳುತ್ತ ಕೂತಳು. ಓಣಿಯ ಅರ್ಧ ಔಷಧಿ ಇರುವುದು ಆ ಡಬ್ಬಿಯಲ್ಲೇ.

“ನಿನ್ನ ಮಾರಿ ನೋಡಾಕ ಆಗವಲ್ದು, ನನ್ನಪ್ಪ.”

“ನೋವೇ ಇಲ್ಲ ದೊಡ್ಡವ್ವ. ಬ್ಯಾಡಂದ್ರ ಬ್ಯಾಡ. ಇಡೀ ಓಣಿ ಬಂದು ಕುಂತ್ರೂ ಬ್ಯಾಡ.”

ಹಾಗಾದರೆ ತಣ್ಣನೆ ಅಂಬಲಿಯನ್ನಾದರೂ ಕುಡಿ ಎಂದಳು. ಅದಕ್ಕೆ ಇಲ್ಲವೆನ್ನಲು ಕಾರಣವಿರಲಿಲ್ಲ. ಹನ್ನೆರಡೂವರೆಗೆ ಒಂದು ಚೊಂಬು ತಂದಳು, ಅವನು ಗಟಗಟ ಕುಡಿದ. ಇಂಜೆಕ್ಷನ್ನಿನ ಜೋಮು ಇನ್ನೂ ಇಳಿಯದ ಬಾಯಿಗೆ ರುಚಿಯೇನೂ ತಿಳಿಯಲಿಲ್ಲ.

ಮಧ್ಯಾಹ್ನದ ಪಾಳಿಗೆಂದು ಹತ್ತಿದ ಸಂಡೂರಿನ ಬಸ್ಸಿನಲ್ಲಿ ಗುಡ್ಡಗಳು ತೊಟ್ಟಿಲಿನಂತೆ ತೂಗತೊಡಗಿದವು. ಗಣಿಯ ಗೇಟಿನಲ್ಲಿ ಜಂಬುನಾಥ್ ಅವನನ್ನು ಬಿಳಿ ಗೆರೆಯ ಮೇಲೆ ನಡೆಸಿದ. ಗೆರೆ ನೆಟ್ಟಗಿತ್ತು, ಹೊನ್ನೂರಪ್ಪ ಮಾತ್ರ ತುಂಗಭದ್ರೆಯಂತೆ ತಿರುಗಿ ತಿರುಗಿ ಹರಿದ.

“ಹಲ್ಲು ಕಿತ್ತಾರೋ ಕಾಲು ಕಿತ್ತಾರೋ?” ಎಂದು ಕೇಳಿದ ಜಂಬುನಾಥ್. ಊದಿಸಿ ನೋಡಿದ, ಮದ್ಯದ ಸುಳಿವಿಲ್ಲ. ದನಿ ತಗ್ಗಿಸಿದ. “ಗುಳಿಗಿ ಮತ್ತ ಶುರುವಾತೇನಪ?”

ಹೊನ್ನೂರಪ್ಪನಿಗೆ ರೇಗಿತು. “ಮಗಳಾಣಿಗೂ ಮುಟ್ಟಿಲ್ರಿ. ಮೂತ್ರ ಪರೀಕ್ಷಿ ಮಾಡಿಸ್ರಿ. ಏನರ ಸಿಕ್ರ ಕೀಲಿ ನಾನ ನಿಮ್ಮ ಕೈಯಾಗ ಇಡ್ತೀನಿ.” ಎದೆಯುಬ್ಬಿಸಿ ಹೇಳಿ, ಅದೇ ಉಸಿರಿನಲ್ಲಿ ಜಂಬುನಾಥನ ಬೂಟಿನ ಮೇಲೆ ವಾಂತಿ ಮಾಡಿಕೊಂಡ.

ಪರೀಕ್ಷೆ ಮಾಡಿಸಿದರು. ಸಿಕ್ಕಿತು.

ಕೀಲಿ ಕೊಟ್ಟು ಸಂಜೆ ಮನೆಗೆ ಬಂದಾಗ ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು. ಹೇಮಾ ಮಗಳನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಓಣಿಗೆಲ್ಲ ಕೇಳುವಂತೆ ಝಾಡಿಸಿದಳು. ಮುಟ್ಟಿಲ್ಲ ಎಂಬ ಒಂದೇ ಮಾತನ್ನು ಅವನು ಹದಿನೈದು ಸಲ ಹೇಳಿದ. ಡಾಕ್ಟರು ಕೊಟ್ಟ ಪಟ್ಟಿಗಳನ್ನೂ ಎತ್ತಿ ಹಿಡಿದು ತೋರಿಸಿದ. ಯಾರೂ ನಂಬಲಿಲ್ಲ.

ಕೊನೆಗೆ ದ್ಯಾಮಕ್ಕನೇ ನಡುವೆ ಬಂದಳು.

“ಅವನ್ನ ಯಾಕ ಬೈತಿಯವ್ವ? ಅವಾ ಮುಟ್ಟಿಲ್ಲ. ಎರಡು ಗುಳಿಗಿ ಅರದು ಅಂಬಲ್ಯಾಗ ನಾನ ಹಾಕಿದ್ದೆ. ನೋಡು, ನೋವು ಹೆಂಗ ಹೋತು.”

“ನೋವು ಅದಕ್ಕ ಮೊದ್ಲ ಹೋಗಿತ್ತು,” ಎಂದ ಹೊನ್ನೂರಪ್ಪ, ಗೋಡೆಗೆ ಒರಗಿ.

ಹೇಮಾ ಈಗ ದ್ಯಾಮಕ್ಕನ ಕಡೆ ತಿರುಗಿದಳು. “ಯಾವ ಮನಿಹಾಳ ಕೊಟ್ಟಾ ಆ ಗುಳಿಗಿ ನಿನಗ?”

ದ್ಯಾಮಕ್ಕ ಡಬ್ಬಿ ತೆರೆದು ಅರ್ಧ ಕತ್ತರಿಸಿದ ಹಳೆಯ ಪಟ್ಟಿಯನ್ನು ಮುಂದೆ ಹಿಡಿದಳು.

“ನೀನ ಕೊಟ್ಟಿದ್ದಿಯಲ್ಲವ್ವ, ಇವಾ ಮಾತು ಕೊಟ್ಟ ದಿನ. ‘ಔಷಧಿ ತಿಪ್ಪಿಗೆ ಒಗೀಬಾರ್ದು, ಯಾರಿಗರ ಆಕ್ಕಾವು, ಇಟ್ಕೋ’ ಅಂದಿದ್ದಿ.”

ಹೇಮಾ ಪಟ್ಟಿಯನ್ನು ನೋಡಿದಳು. ಹೊನ್ನೂರಪ್ಪ ಹೇಮಾಳನ್ನು ನೋಡಿದ.

ಆರು ವರ್ಷ ಉಳಿದಿದ್ದ ಮಾತು ಆ ಮಧ್ಯಾಹ್ನ ಹನ್ನೆರಡೂವರೆಗೆ ಮುರಿದಿತ್ತು.