ಕೊನೆಗೆ ಮೂಗು ಮುಟ್ಟಿದವರು

ಇದೆಲ್ಲ ಶುರುವಾದದ್ದು ಸಾಹೇಬರ ಮೂಗು ತುರಿಸಿದ್ದರಿಂದ.

ಬಸ್ಸುಗಳಲ್ಲಿ ಜನ ಮರೆತುಹೋದ ಸಾಮಾನುಗಳನ್ನು ಇಟ್ಟುಕೊಂಡು, ಕೇಳಿಕೊಂಡು ಬಂದವರಿಗೆ ಕೊಡುವ ಕಚೇರಿ ಅದು. ಇದ್ದದ್ದು ನೆಲಮಾಳಿಗೆಯಲ್ಲಿ. ಕಿಟಕಿಯ ಭಾಗ್ಯವಿಲ್ಲ. ಹೊರಗೆ ಬಿಸಿಲೋ ಮಳೆಯೋ ಅನ್ನುವುದನ್ನು ಬಂದವರ ಬಟ್ಟೆ ನೋಡಿ ತಿಳಿದುಕೊಳ್ಳಬೇಕು. ಗೋಡೆಯುದ್ದಕ್ಕೂ ಕೊಡೆ, ಟಿಫಿನ್ ಡಬ್ಬಿ, ಒಂಟಿ ಚಪ್ಪಲಿ, ಯಾರೋ ಮಹಾನುಭಾವರು ಕಳಚಿಟ್ಟು ಮರೆತ ಹಲ್ಲಿನ ಸೆಟ್ಟು. ಎಲ್ಲದರ ಮೇಲೂ ಧೂಳು. ಅಂದು ಬೆಳಿಗ್ಗೆ ತಪಾಸಣೆಗೆಂದು ಇಳಿದು ಬಂದ ಸಾಹೇಬರ ಮೂಗಿಗೂ ಆ ಧೂಳು ಹೋಯಿತು. ಅವರು ಬೆರಳಿನಿಂದ ಮೂಗು ಉಜ್ಜಿಕೊಂಡರು.

ತಕ್ಷಣ ಟೈಪಿಸ್ಟ್ ಅಕ್ಕನ ಬೆರಳು ತನ್ನ ಮೂಗಿಗೆ ಹೋಯಿತು. ಅದರ ಹಿಂದೆಯೇ ಡ್ರೈವರ್ ಮೂಗು ಮುಟ್ಟಿಕೊಂಡ, ಕ್ಯಾಷಿಯರ್ ಮುಟ್ಟಿಕೊಂಡ. ಇವರೆಲ್ಲ ಯಾಕೆ ಹೀಗೆ ನಿಂತಿದ್ದಾರೆ ಎಂದು ಅತ್ತಿತ್ತ ನೋಡಿ, ಅರ್ಥವಾಗಿ, ಕೈಯಲ್ಲಿದ್ದ ಗೋಂದಿನ ಡಬ್ಬಿ ಕೆಳಗಿಟ್ಟು, ಬೆರಳು ಒರೆಸಿಕೊಂಡು, ಎಲ್ಲರಿಗಿಂತ ಕೊನೆಗೆ ಮೂಗು ಮುಟ್ಟಿದವನು ನಿಧಾನಪ್ಪ. ಸಾಮಾನುಗಳಿಗೆ ಚೀಟಿ ಅಂಟಿಸುವುದು ಅವನ ಕೆಲಸ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆ ಹೆಸರಿನಿಂದ ಕರೆಯುವವರು ಯಾರೂ ಉಳಿದಿರಲಿಲ್ಲ.

ಅಣಕ ಮಾಡುವ ಉದ್ದೇಶ ಯಾರಿಗೂ ಇರಲಿಲ್ಲ, ಪಾಪ. ಊಟದ ಬಿಡುವಿನಲ್ಲಿ ಆಡುವ ಇಸ್ಪೀಟಿನ ಅಭ್ಯಾಸಬಲ ಅದು. ರಮ್ಮಿಯ ಹಾಗೆಯೇ ಎಲೆ ಜೋಡಿಸುವ ಆಟ, ಆದರೆ ರಮ್ಮಿಯ ಸಮಾಧಾನ ಇದಕ್ಕಿಲ್ಲ. ಎಕ್ಕ, ರಾಜ, ರಾಣಿ, ಗುಲಾಮ ಇಷ್ಟನ್ನೇ ಕಲೆಸಿ ತಲೆಗೆ ನಾಲ್ಕು ಎಲೆ ಹಂಚುತ್ತಾರೆ. ಸರದಿ ಗಿರದಿ ಇಲ್ಲ. ಎಲ್ಲರೂ ಒಟ್ಟಿಗೇ ಬೇಡದ ಒಂದು ಎಲೆಯನ್ನು ಎಡಗಡೆಯವರಿಗೆ ತಳ್ಳಬೇಕು, ಬಲಗಡೆಯಿಂದ ಬಂದದ್ದನ್ನು ಎತ್ತಿಕೊಳ್ಳಬೇಕು. ಒಂದೇ ಬಗೆಯ ನಾಲ್ಕು ಸೇರಿದವರು ಸದ್ದಿಲ್ಲದೆ ಮೂಗಿನ ಮೇಲೆ ಬೆರಳಿಡುತ್ತಾರೆ. ಅದನ್ನು ಕಂಡವರೆಲ್ಲ, ಕೈಯಲ್ಲಿ ಏನೇ ಇರಲಿ, ಮೂಗು ಮುಟ್ಟಬೇಕು. ಕೊನೆಗೆ ಮುಟ್ಟಿದವರು ಸೋತಂತೆ, ಎಲ್ಲರ ಟೀ ಲೋಟ ಅವರೇ ತೊಳೆಯಬೇಕು. ಆ ಕೆಲಸ ನಿಧಾನಪ್ಪನಿಗೆ ಹೆಚ್ಚುಕಡಿಮೆ ಖಾಯಂ ಆಗಿತ್ತು.

ಸಾಹೇಬರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು. ಮುಖ ಕೆಂಪಗಾಯಿತು.

"ಕೈತುಂಬ ಕೆಲಸ ಇರೋರು ಹೀಗಾಡಲ್ಲ. ನಿಮ್ಮಲ್ಲಿ ಒಬ್ಬರು ಹೆಚ್ಚಾಗಿದ್ದೀರಿ. ನಾಳೆಯಿಂದ ಒಬ್ಬರು ಹಳೇ ಗೋದಾಮಿಗೆ ಹೋಗಿ. ಯಾರು ಅಂತ ನೀವೇ ತೀರ್ಮಾನ ಮಾಡಿ, ಸಂಜೆ ಬಂದು ಹೇಳಿ. ನಾನು ಆರಿಸಿದರೆ ಪಕ್ಷಪಾತ ಅಂತೀರಿ."

ಹಳೇ ಗೋದಾಮು ಊರಿನ ಇನ್ನೊಂದು ತುದಿಯಲ್ಲಿತ್ತು. ಯಾರೂ ಕೇಳಿಕೊಂಡು ಬಾರದ ಸಾಮಾನು ಕೊನೆಗೆ ಸೇರುವ ಜಾಗ. ಅಲ್ಲಿಗೆ ನೌಕರರು ಒಬ್ಬರೇ. ಒಂದು ಕುರ್ಚಿ, ಒಂದು ಬೀಗ, ಮಾತಾಡಲು ಒಂದು ನರಪಿಳ್ಳೆಯೂ ಇಲ್ಲ.

ಹೆಂಡತಿ ಹೋದ ಮೇಲೆ ನಿಧಾನಪ್ಪನ ಮನೆಯಲ್ಲಿ ಮಾತು ಅನ್ನುವುದೇ ನಿಂತುಹೋಗಿತ್ತು. ರಜೆಯ ದಿನ ಅವನು ಬಾಯಿ ತೆರೆಯುತ್ತಿದ್ದದ್ದು ಹಲ್ಲುಜ್ಜಲು ಮತ್ತು ಉಣ್ಣಲು. ಈ ನೆಲಮಾಳಿಗೆಯ ಮೂವರು ಅವನನ್ನು ಗೇಲಿ ಮಾಡುತ್ತಿದ್ದರು, ಬೈಯುತ್ತಿದ್ದರು, ಲೋಟ ತೊಳೆಸುತ್ತಿದ್ದರು. ಅವನ ಪಾಲಿಗೆ ಸಂಸಾರ ಅಂತ ಉಳಿದದ್ದು ಅಷ್ಟೇ. ಅದೂ ಹೋದರೆ ತನಗೂ ಒಂದು ಚೀಟಿ ಅಂಟಿಸಿಕೊಂಡು ಕಪಾಟಿನಲ್ಲಿ ಕೂರುವುದೊಂದೇ ಬಾಕಿ ಅನ್ನಿಸಿತು.

"ಇದಕ್ಕೆಲ್ಲ ತಲೆ ಯಾಕೆ ಕೆಡಿಸ್ಕೋಬೇಕು," ಎಂದ ಕ್ಯಾಷಿಯರ್. "ಮಧ್ಯಾಹ್ನ ಒಂದೇ ಒಂದು ಆಟ. ಕೊನೆಗೆ ಮೂಗು ಮುಟ್ಟಿದವರು ಗೋದಾಮಿಗೆ."

"ಹಾಗಾದ್ರೆ ಈಗಲೇ ನನ್ನ ಹೆಸರು ಕೊಟ್ಟುಬಿಡಿ," ಎಂದ ನಿಧಾನಪ್ಪ.

"ಛೆ, ಹಾಗಂದ್ರೆ ಹೇಗೆ. ನ್ಯಾಯ ಅಂತ ಒಂದಿರಬೇಕಲ್ಲ," ಎಂದ ಡ್ರೈವರ್, ಬಲು ನೆಮ್ಮದಿಯಿಂದ.

ಸಾಹೇಬರನ್ನು ಬೇಡಿಕೊಳ್ಳುವ ದಾರಿಯೂ ಇರಲಿಲ್ಲ. ಕೇಳಿದವರಿಗೆ ಕೇಳಿದ್ದನ್ನು ಕೊಟ್ಟರೆ ಸಲುಗೆ ಬೆಳೆಯುತ್ತದೆ ಎನ್ನುವವರು ಅವರು. ಸಾಮಾನು ತರುವ ವ್ಯಾನಿಗೆ ಡ್ರೈವರ್ ಹೊಸ ಟೈರು ಕೇಳಿ ಇದ್ದ ಸ್ಟೆಪ್ನಿಯನ್ನೂ ಕಳೆದುಕೊಂಡಿದ್ದ. ಕ್ಯಾಷಿಯರ್ ಗಾಳಿ ಸಾಲದು ಅಂದದ್ದಕ್ಕೆ ಫ್ಯಾನನ್ನೇ ಬಿಚ್ಚಿಸಿಕೊಂಡು ಹೋಗಿದ್ದರು. ಅಕ್ಕ ತನ್ನ ಮಗಳ ಹೆರಿಗೆಗೆಂದು ರಜೆ ಕೇಳಿದಾಗ, ಆ ವಾರದ ಭಾನುವಾರವೂ ಕೆಲಸಕ್ಕೆ ಬರಬೇಕಾಯಿತು. ಅಲ್ಲಿಂದ ಮುಂದೆ ಅಕ್ಕ ಕಚೇರಿಯಲ್ಲಿ ಮನೆಯ ಸುದ್ದಿಯನ್ನೇ ಎತ್ತುತ್ತಿರಲಿಲ್ಲ.

ಊಟದ ಹೊತ್ತಿನ ತನಕ ಸಲಹೆಗಳೋ ಸಲಹೆಗಳು. ಇವನು ಗೆಲ್ಲುವುದಿಲ್ಲ ಎಂಬ ಖಾತ್ರಿ ಇದ್ದದ್ದರಿಂದ ಎಲ್ಲರಿಗೂ ಧಾರಾಳವಾಗಿ ಪಾಠ ಹೇಳುವ ಮನಸ್ಸು.

"ನಿನ್ನ ಎಲೆ ನೋಡಲೇಬೇಡ ಕಣಯ್ಯ. ಬೇರೆಯವರ ಮೂಗು ನೋಡ್ತಾ ಇರು," ಎಂದ ಡ್ರೈವರ್.

"ಮೂಗು ನೋಡ್ತಾ ಕೂತರೆ ಕೆಟ್ಟೆ. ಎಲೆ ಮೇಲಿಂದ ಕಣ್ಣು ತೆಗೀಬೇಡ," ಎಂದ ಕ್ಯಾಷಿಯರ್.

ನಿಧಾನಪ್ಪ ಡ್ರೈವರನ ಪಾಠವನ್ನು ಅಭ್ಯಾಸ ಮಾಡುತ್ತಿದ್ದಾಗಲೇ ಕಳೆದುಹೋದ ಕೊಡೆ ಕೇಳಿಕೊಂಡು ಒಬ್ಬ ಹೆಂಗಸು ಬಂದಳು. ಇವನು ಅವಳ ಮೂಗನ್ನೇ ದಿಟ್ಟಿಸಿದ. ಅವಳು ಮುಜುಗರಪಟ್ಟು, ಏನು ಅಂಟಿದೆಯೋ ಎಂದು ಮೂಗು ಮುಟ್ಟಿಕೊಂಡಳು. ಇವನೂ ಮುಟ್ಟಿಕೊಂಡ.

"ಮನೇಲಿ ಅಕ್ಕತಂಗಿಯರು ಇಲ್ವಾ ನಿಮಗೆ?" ಎಂದು ಬೈದು ಆಕೆ ಕೊಡೆಯನ್ನೂ ಬಿಟ್ಟು ಹೋದಳು. ನಿಧಾನಪ್ಪ ಆ ಕೊಡೆಗೆ ಮತ್ತೆ ಚೀಟಿ ಅಂಟಿಸಿದ.

ಕೊನೆಗೆ ಅಕ್ಕ ಅವನನ್ನು ಕಪಾಟಿನ ಮರೆಗೆ ಕರೆದಳು. "ಅವರ ಮಾತು ಕಟ್ಕೊಂಡು ಕೆಡಬೇಡ. ರಾಣಿ ಹಿಡ್ಕೋ. ಏನೇ ಬರಲಿ, ರಾಣಿ ಬಿಡಬೇಡ. ಬಾಕಿದ್ದನ್ನೆಲ್ಲ ಕಣ್ಮುಚ್ಚಿ ತಳ್ಳು."

ಮಧ್ಯಾಹ್ನ ಊಟ ಯಾರಿಗೂ ಸೇರಲಿಲ್ಲ. ಡಬ್ಬಿಗಳನ್ನು ಸರಿಸಿ ಕೂತರು. ಎಂದಿನಂತೆ ಅಕ್ಕ ನಿಧಾನಪ್ಪನ ಬಲಕ್ಕೆ. ಕ್ಯಾಷಿಯರ್ ಹಂಚಿದ. ನಿಧಾನಪ್ಪನಿಗೆ ಬಂದದ್ದು ಒಂದೇ ರಾಣಿ. ಎಲೆಗಳು ಸರಸರ ಓಡತೊಡಗಿದವು. ಅವನು ಒಂದು ಎಕ್ಕ ತಳ್ಳಿದ. ಬಲಗಡೆಯಿಂದ ರಾಣಿ ಬಂತು. ಗುಲಾಮನನ್ನು ತಳ್ಳಿದ, ಇನ್ನೊಂದು ರಾಣಿ. ಒಂದೆರಡು ಸುತ್ತು ಬೇರೇನೋ ಬಂದು ಹೋಯಿತು, ಆಮೇಲೆ ನಾಲ್ಕನೆಯದೂ ಬಂದು ಕೂತಿತು. ಅವನಿಗೆ ನಂಬಿಕೆಯಾಗಲಿಲ್ಲ. ಒಂದೊಂದಾಗಿ ಮುಟ್ಟಿ ಎಣಿಸತೊಡಗಿದ. ಮೇಜಿನಡಿ ಯಾರದೋ ಕಾಲು ಜೋರಾಗಿ ತಗುಲಿತು. "ಸಾರಿ" ಎಂದು ತನ್ನ ಕಾಲು ಹಿಂದಕ್ಕೆಳೆದುಕೊಂಡ. ಕಾಲು ಮತ್ತೆ ತಗುಲಿತು. ಆಗ ನೆನಪಾಗಿ ಮೂಗಿನ ಮೇಲೆ ಬೆರಳಿಟ್ಟ.

ಡ್ರೈವರ್ ಮುಟ್ಟಿದ. ಕ್ಯಾಷಿಯರ್ ಮುಟ್ಟಿದ. ಅಕ್ಕ ಟ್ಯೂಬ್‌ಲೈಟ್ ನೋಡುತ್ತಿದ್ದಳು. ಅವಳ ಬೆರಳು ಮೇಲೆದ್ದಾಗ ಆಟ ಮುಗಿದಿತ್ತು.

"ಆಗಲಿ, ಆಟ ಅಂದ್ಮೇಲೆ ಆಟ," ಎಂದು ಅಕ್ಕ ಲೋಟಗಳನ್ನು ಎತ್ತಿಕೊಂಡು ನಲ್ಲಿಯ ಕಡೆ ಹೋದಳು. ನಿಧಾನಪ್ಪ ನೋಡುತ್ತಿದ್ದ. ಅವಳು ಅತ್ತ ತಿರುಗಿ ಕಣ್ಣೊರೆಸಿಕೊಂಡಳು.

ಹೇಗೆ ಗೆಲ್ಲಬೇಕು ಅಂತ ಹೇಳಿಕೊಟ್ಟವಳನ್ನೇ ಕಾಡಿಗೆ ಅಟ್ಟಿದ ಹಾಗಾಯಿತಲ್ಲ. ಸಂಜೆಯವರೆಗೆ ಯೋಚಿಸಿದ ಮೇಲೆ ಅವನಿಗೊಂದು ಉಪಾಯ ಹೊಳೆಯಿತು. ಹೆಸರು ಹೇಳಿ ಬರಲು ಕ್ಯಾಷಿಯರ್ ಏಳುವ ಮೊದಲೇ ಮೆಟ್ಟಿಲು ಹತ್ತಿ ಸಾಹೇಬರ ಕೋಣೆಗೆ ನುಗ್ಗಿದ.

"ಸಾರ್, ಟೈಪಿಸ್ಟ್ ಅಕ್ಕನ್ನ ಗೋದಾಮಿಗೆ ಕಳಿಸಿ ಸಾರ್. ಅಲ್ಲಿಗೆ ಹೋಗೋಕೆ ಅವರಿಗೆ ತುಂಬಾ ಆಸೆ. ತುದಿಗಾಲಲ್ಲಿ ನಿಂತಿದ್ದಾರೆ." ಜನ್ಮದಲ್ಲಿ ಅಷ್ಟು ಬೇಗ ಅವನು ಏನನ್ನೂ ಹೇಳಿರಲಿಲ್ಲ.

ಸಾಹೇಬರ ಪೆನ್ನು ನಿಂತಿತು. "ಆಸೆ? ಆ ಗೋದಾಮಿಗೆ? ಹಾಗಾದ್ರೆ ಅಲ್ಲಿ ಏನೋ ಇದೆ. ಆಕೆ ಬೇಡ."

ನಿಧಾನಪ್ಪನಿಗೆ ಒಳಗೊಳಗೇ ಖುಷಿಯಾಯಿತು.

"ನಿನಗೆ ಹೋಗೋ ಆಸೆ ಇದೆಯಾ?" ಎಂದರು ಸಾಹೇಬರು.

"ಅಯ್ಯೋ ಇಲ್ಲ ಸಾರ್. ದಮ್ಮಯ್ಯ, ಖಂಡಿತ ಇಲ್ಲ."

ಸಾಹೇಬರು ಅವನ ಹೆಸರು ಬರೆದು ಸಹಿ ಹಾಕಿದರು. ಇದೆ ಅಂದಿದ್ದರೆ ಉಳಿದುಕೊಳ್ಳುತ್ತಿದ್ದೆ ಎಂಬುದು ಅವನಿಗೆ ಹೊಳೆದದ್ದು ಅರ್ಧ ಮೆಟ್ಟಿಲು ಇಳಿದ ಮೇಲೆ.

ಕೆಳಗೆ ಅಕ್ಕ ತನ್ನ ಸಾಮಾನು ಚೀಲಕ್ಕೆ ತುಂಬುತ್ತಿದ್ದಳು.

"ಬಿಚ್ಚಿಡಿ ಅಕ್ಕ. ನೀವು ಹೋಗಬೇಕಾಗಿಲ್ಲ, ನಾನೇ ಹೋಗ್ತೀನಿ. ನಿಮಗೆ ಅಲ್ಲಿಗೆ ಹೋಗೋಕೆ ಆಸೆ ಅಂತ ಸಾಹೇಬರಿಗೆ ಒಂದು ಸುಳ್ಳು ಬಿಟ್ಟೆ."

ಅಕ್ಕ ಕುರ್ಚಿ ಹಿಡಿದುಕೊಂಡು ಕೂತಳು.

"ಗೋದಾಮಿನ ಹಿಂದಿನ ಓಣೀಲಿ ನನ್ನ ಮಗಳ ಮನೆ. ಹಸುಗೂಸು ಇಟ್ಕೊಂಡು ಒಬ್ಬಳೇ ಒದ್ದಾಡ್ತಿದ್ದಾಳೆ. ಕೇಳಿದರೆ ಸಿಗಲ್ಲ ಅಂತ ಒಬ್ಬರ ಹತ್ತಿರವೂ ಬಾಯಿ ಬಿಡದೆ ಆಟ ಸೋತೆ."

"ಬೇಕು ಅಂತಲೇ ಸೋತಿರಾ?"

"ಮತ್ತೆ ರಾಣಿಯರು ತಾವಾಗೇ ನಡ್ಕೊಂಡು ಬಂದ್ರಾ ನಿನ್ನ ಹತ್ತಿರ? ನಿನಗಿಂತ ಹಿಂದೆ ಬೀಳೋದು ಮನುಷ್ಯಮಾತ್ರದವರ ಕೈಲಿ ಆಗುತ್ತೇನಪ್ಪ. ಮೊದಲು ನಿನ್ನ ಗೆಲ್ಲಿಸದೆ ನಾನು ಸೋಲೋ ಹಾಗೇ ಇರಲಿಲ್ಲ."

"ಈಗಲೇ ಹೋಗಿ, ಅಕ್ಕನಿಗೆ ಇಷ್ಟ ಇಲ್ವಂತೆ ಅಂತ ಹೇಳಿ ಬರಲಾ?"

"ಸಾಹೇಬರ ಸ್ಕೂಟರ್ ಆಗಲೇ ಹೊರಟ ಸದ್ದಾಯ್ತು," ಎಂದ ಡ್ರೈವರ್.

ಕಚೇರಿ ಮುಚ್ಚಲು ಇನ್ನೂ ಹೊತ್ತಿತ್ತು. ಕ್ಯಾಷಿಯರ್ ಇಸ್ಪೀಟು ತಂದು ಅಕ್ಕನ ಮುಂದಿಟ್ಟ. ನಿಧಾನಪ್ಪ ತನ್ನ ಜಾಗದಲ್ಲಿ ಹೋಗಿ ಕೂತ. ಅಕ್ಕ ಯಾರನ್ನೂ ನೋಡದೆ ನಾಲ್ಕು ರಾಣಿಯರನ್ನು ಆರಿಸಿ ಪಕ್ಕಕ್ಕಿಟ್ಟಳು. ಉಳಿದದ್ದನ್ನು ಕಲೆಸಿ ಹಂಚಿದಳು. ಮೂರೇ ಪಾಲು.

ನಿಧಾನಪ್ಪ ತನ್ನ ಪಾಲು ಬರುತ್ತದೆಂದು ಸ್ವಲ್ಪ ಹೊತ್ತು ಕಾದ. ಆಮೇಲೆ ಎದ್ದು ಲೋಟ ತೊಳೆಯಲು ಹೋದ.